ಎದುರಿನ ಬಲಗೈ

ಆ ಬೆಳಿಗ್ಗೆಯೂ ಬಟ್ಟೆ ಒಣಹಾಕಿ, ಅನ್ನಕ್ಕಿಟ್ಟು ಇಳಿಸಿ, ಸುಳ್ಯದ ಕಂಪ್ಯೂಟರ್ ಕ್ಲಾಸಿಗೆ ಹೋದೆ. ನಮ್ಮ ಟೀಚರ್ ಯಾವ ಚಿತ್ರವನ್ನು ಕದಲಿಸುವ ಮುನ್ನವೂ ತಮ್ಮ ಅಂಗೈಯನ್ನು ಮೇಜಿನ ಮೇಲಿಟ್ಟು ನೋಡುತ್ತಿದ್ದರು. “ಮೊದ್ಲು ಕೈಗೆ ಗೊತ್ತಾಗ್ಲಿ, ಮತ್ತೆ ಮ್ಯಾಟ್ರಿಕ್ಸ್” ಎನ್ನುವುದು ಅವರ ಮಾತು. ಪರದೆಯ ಚಿತ್ರ ಎತ್ತ ತಿರುಗಬೇಕೆಂದು ಹೇಳುವ ಅಂಕಿಗಳ ಚೌಕವೇ ಈ ಮ್ಯಾಟ್ರಿಕ್ಸ್.

ಪಕ್ಕದ ಮನೆಯಾಕೆಯ ಮಗಳ ನಿಶ್ಚಿತಾರ್ಥದ ಆಮಂತ್ರಣವನ್ನು ವೆಬ್ ಪುಟವಾಗಿ ಮಾಡಿಕೊಡಲು ನಾನು ಒಪ್ಪಿದ್ದೆ. ಸಂಜೆಯೊಳಗೆ ಅದು ನೆಂಟರಿಗೆ ಹೋಗಬೇಕಿತ್ತು. ವೀಳ್ಯದೆಲೆ ಹಿಡಿದ ಒಂದು ಬಲಗೈ ಬರೆದಿದ್ದೆ. ಬೀಗರ ಕೈಗಾಗಿ ಟೀಚರ್ ಮ್ಯಾಟ್ರಿಕ್ಸಿನಲ್ಲಿ ಒಂದು ಮೈನಸ್ ಹಾಕಿ ಅದನ್ನೇ ಮಗುಚಿದರು. ಬ್ರೌಸರಿನಲ್ಲಿ ಎರಡು ಕೈಗಳು ಎದುರುಬದುರಾದವು.

“ಟೀಚರ್, ಇದು ಎಡಗೈ ಆಯ್ತಲ್ವಾ?” ಎಂದೆ.

ಅವರು ತಮ್ಮ ಅಂಗೈ ನೋಡಿಕೊಂಡು ನಕ್ಕುಬಿಟ್ಟರು. “ಅಯ್ಯೋ ಮಾರಾಯ್ರೆ, ಎಡಗೈಯಲ್ಲಿ ವೀಳ್ಯ ಕೊಟ್ರೆ ಸಂಬಂಧ ಉಳಿಲಿಕ್ಕುಂಟಾ! ದೋಸೆ ಹಾಗೆ ಮಗುಚುದು ಬೇಡ, ತಿರುಗಿಸುವಾ.”

ಅಂಗೈಯನ್ನು ಊರಿಕೊಂಡೇ ಮೇಜಿನ ಆ ಬದಿಗೆ ನಡೆದು ನೋಡಿದರು. ಮತ್ತೆ ಅಂಕಿಗಳನ್ನು ಬದಲಿಸಿದರು. ಚಿತ್ರ ಅರ್ಧ ಸುತ್ತು ತಿರುಗಿತು. ಬಲಗೈ ಬಲಗೈಯಾಗಿಯೇ ಎದುರಿನಿಂದ ಬಂತು.

ಸಂಜೆ ಪಕ್ಕದ ಮನೆಯಾಕೆ ಮೊಬೈಲನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. “ಚಂದ ಉಂಟು. ಇದ್ರಲ್ಲಿ ನಮ್ಮವರ ಕೈ ಯಾವ್ದು? ಎರಡೂ ಒಂದೇ ಹಾಗುಂಟು, ಗುರ್ತಕ್ಕೆ ಒಂದು ವಾಚಾದ್ರೂ ಹಾಕ್ಬಹುದಿತ್ತು.”