ಷಡಕ್ಷರಪ್ಪನವರ ನಕ್ಷತ್ರನಗರ
ನಗರ ಯೋಜನಾ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದ ಆಲ್ಕೊಳದ ಷಡಕ್ಷರಪ್ಪನವರು ದೋಸೆಯನ್ನೂ ಎಂಟು ಸಮಪಾಲು ಮಾಡಿಯೇ ತಿನ್ನುವವರು. ಸರ್ಕಲ್ಲಿನಲ್ಲಿ ಬಸ್ಸು ಕಾಯುವವರನ್ನು ಹಿಡಿದು, "ಐನೂರು ವರ್ಷದ ಹಿಂದೆ ಇಟಲಿಯವರು ನಕ್ಷತ್ರದ ಹಾಗೆ ಊರು ಬರೆದ್ರು. ನಡುವೆ ದೊರೆ ಮನೆ ಇಟ್ರು ನೋಡಿ, ಕೆಟ್ಟಿದ್ದು ಅಲ್ಲೇ ಮಾರಾಯ್ರೆ," ಎನ್ನುತ್ತಾರೆ. ಇವರೇ ಈ ಊರಿಗೆ ಬರೆದ ನಕ್ಷತ್ರದ ನಕ್ಷೆಯ ನಡುವೆ ಇರುವುದು ಸರ್ಕಲ್ಲಿನಲ್ಲಿ ಹೂ ಮಾರುವ ಹೆಂಗಸರ ಕಟ್ಟೆ. ಪ್ರತಿ ಸೋಮವಾರ ಆ ನಕ್ಷೆಯನ್ನು ಕಚೇರಿಗೆ ಒಯ್ಯುತ್ತಾರೆ. ಅಲ್ಲಿ ತಿರಸ್ಕರಿಸಿದಷ್ಟೂ ಇವರ ಗೆರೆ ದಪ್ಪವಾಗುತ್ತದೆ. ರಸ್ತೆ ಅಗಲ ಮಾಡಲು ಆ ಹೆಂಗಸರನ್ನು ಎಬ್ಬಿಸಹೊರಟ ಎಂಜಿನಿಯರ್ ಮೊನ್ನೆ ನಕ್ಷೆ ನೋಡಿ ನಗುತ್ತಾ, "ಈ ಊರಲ್ಲಿ ನಿಮ್ಮನೆ ಎಲ್ಲಿದೆ ಸರ್?" ಎಂದರು. ಷಡಕ್ಷರಪ್ಪನವರು ನಕ್ಷೆಯಲ್ಲಿ ಕಟ್ಟೆಯ ಎದುರಿನ ಅಗಲ ರಸ್ತೆಯ ಮೇಲೆ ಬೆರಳಿಟ್ಟರು. "ಈಗ ಇರೋದು ಇಲ್ಲೇ. ನಕ್ಷೆಯಲ್ಲಿ ರಸ್ತೆಗೆ ಬಿಟ್ಟಿದೀನಿ. ಮೊದಲು ನನ್ನ ಮನೆ ಒಡೀರಿ, ಆಮೇಲೆ ಅವರ ಮುಂದೆ ಹೋಗಿ ನಿಲ್ಲಿ."