ಚರಗದ ಹಿಂದೆ ಬಿದ್ದ ನೀರು

ದೆವ್ವ, ಪೀಡೆ, ಗಾಳಿ ಸೋಕಿತು ಅಂತೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಬೆಟಗೇರಿಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಪಂಪಿನ ಮೋಟಾರು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ನನ್ನ ಹೊಟ್ಟೆಪಾಡು. ಈ ಕೆಲಸದಲ್ಲಿ ಬೆಳೆದವನಿಗೆ ಒಂದು ಹಟ ಬಂದುಬಿಡುತ್ತದೆ. ಮೋಟಾರು ಸುಮ್ಮಸುಮ್ಮನೆ ಸುಡುವುದಿಲ್ಲ, ಕಾರಣ ಒಳಗೆ ಎಲ್ಲೋ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ. "ಏನೋ ಗ್ರಹಚಾರರಿ, ಈ ವರ್ಷ ಎರಡ್ನೇ ಸಲ ಸುಟ್ತು" ಎಂದು ಯಾರಾದರೂ ಅಂದರೆ, "ಗ್ರಹಚಾರ ಅಲ್ಲೋ ತಮ್ಮಾ, ನಿನ್ನ ಬೇರಿಂಗ್ ಹೋಗೈತಿ" ಎಂದು ಅಲ್ಲೇ ಬಿಚ್ಚಿ ತೋರಿಸುತ್ತಿದ್ದೆ.

ಆದ್ದರಿಂದ ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಜಾರಿಲ್ಲ. ಇದೇ ಮಾತನ್ನು ಬೇರೆ ಯಾರಾದರೂ ಅಂಗಡಿಗೆ ಬಂದು ಹೇಳಿದ್ದರೆ ನಾನೇ ಅವರಿಗೆ ಚಹಾ ಕುಡಿಸಿ, ನಕ್ಕು ಕಳಿಸುತ್ತಿದ್ದೆ.

ನನಗೆ ಫೋಟೋದ ಹುಚ್ಚು. ರವಿವಾರ ಅಂಗಡಿ ಬಾಗಿಲು ಹಾಕಿ, ಕ್ಯಾಮೆರಾ ಹೆಗಲಿಗೇರಿಸಿ, ಬೈಕ್ ಹತ್ತಿ ಯಾವುದಾದರೂ ಕೆರೆಗೆ ಹೋಗಿಬಿಡುತ್ತಿದ್ದೆ. ಸೊರಟೂರ ಕಡೆ ಒಮ್ಮೆ, ಮಾಗಡಿ ಕೆರೆಗೆ ಒಮ್ಮೆ. ಚಳಿಗಾಲಕ್ಕೆ ನಮ್ಮ ಸೀಮೆಗೆ ಹಿಮಾಲಯದ ಆಚೆಯಿಂದ ಬಾತುಗಳು ಬರುತ್ತವೆ. ತಲೆಯ ಮೇಲೆ ಕರಿ ಪಟ್ಟಿ ಇರುವ ಬೂದು ಬಣ್ಣದ ದೊಡ್ಡ ಹಕ್ಕಿಗಳು. ಅವುಗಳ ಹಿಂದೆ ಬಿದ್ದು ನಾನು ಹಾಳುಮಾಡಿಕೊಂಡ ರವಿವಾರಗಳಿಗೆ ಲೆಕ್ಕವಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಮೇಲಾಗಿ ಸಣ್ಣದೊಂದು ಡ್ರೋನು ಬೇರೆ ಕೊಂಡೆ. ಅದನ್ನು ಮೊದಲ ಸಲ ಮಾಳಿಗೆಯ ಮೇಲೆ ಹಾರಿಸಿದಾಗ ಅವಳು, "ಇಷ್ಟು ದಿನ ನೆಲದ ಮ್ಯಾಲೆ ಹುಚ್ಚಿತ್ತು, ಈಗ ಗಾಳ್ಯಾಗ ಹತ್ತಿತು" ಅಂದಳು.

ಅಡರಕಟ್ಟಿಯ ಆಚೆ ಒಂದು ಸಣ್ಣ ಕೆರೆ ಇದೆ. ಅದರ ದಂಡೆಗೆ ಹೊಂದಿಕೊಂಡು ಫಕ್ಕೀರಪ್ಪನ ಹೊಲ. ಅವನ ಪಂಪಿನ ಮೋಟಾರು ನನ್ನ ಅಂಗಡಿಗೆ ಬಂದಾಗ ಪರಿಚಯವಾದವನು, ಕ್ರಮೇಣ ಸ್ನೇಹಿತನಾದ. ಬಾತುಗಳು ಅವನ ಕಡಲೆ ಹೊಲಕ್ಕೆ ಮೇಯಲು ಇಳಿಯುತ್ತಿದ್ದವು. "ನಮ್ಮ ಕಡಲಿ ಅವು ತಿಂತಾವ, ಅವುನ್ನ ನೀವು ಫೋಟೋ ಹಿಡೀತೀರಿ, ನಡುವ ನನಗೇನು ಸಿಗತೈತಿ ಅಣ್ಣಾರ?" ಎಂದು ಚೇಷ್ಟೆ ಮಾಡುತ್ತಿದ್ದ. ಮನೆಯಲ್ಲಿ ಅವನು, ಅವನ ತಾಯಿ ನೀಲವ್ವ. ಈರಣ್ಣ ಎಂಬ ತಮ್ಮನೊಬ್ಬನಿದ್ದ. ನನ್ನ ಪರಿಚಯವಾಗುವ ಹೊತ್ತಿಗೆ ಈರಣ್ಣ ಮನೆಯಲ್ಲಿರಲಿಲ್ಲ. ನಾನು ಅವನನ್ನು ಒಮ್ಮೆಯೂ ನೋಡಿದವನಲ್ಲ. ಇದನ್ನು ದಯವಿಟ್ಟು ನೆನಪಿಡಿ.

ನಾನು ಪರಿಚಯವಾಗುವ ಮೊದಲೇ, ಒಂದು ಸಂಜೆ ಪಂಪು ಚಾಲೂ ಮಾಡಿ ಬರುತ್ತೇನೆಂದು ಕೆರೆಯ ಕಡೆ ಹೋದ ಈರಣ್ಣ ತಿರುಗಿ ಬರಲಿಲ್ಲ. ಚಪ್ಪಲಿ ಪಂಪಿನ ಹತ್ತಿರ ಸಿಕ್ಕವು. ಕೆರೆಯಲ್ಲಿ ಜಾಲಾಡಿದರು, ಏನೂ ಸಿಗಲಿಲ್ಲ. ಮುಳುಗಿದ ಎಂದು ಊರವರು ಅಂದರು. ಅಷ್ಟರಲ್ಲಿ ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವ ಮಾಬೂಸಾಬ, ಈರಣ್ಣನಂಥವನೊಬ್ಬ ನಿಂತು ಚಹಾ ಕುಡಿಯುವುದನ್ನು ಕಂಡೆ ಎಂದ. ಆ ಒಂದು ಮಾತನ್ನು ನೀಲವ್ವ ಉಡಿಯಲ್ಲಿ ಕಟ್ಟಿಕೊಂಡಳು. ಮಗ ಸಿಟ್ಟು ಮಾಡಿಕೊಂಡು ಹೋಗಿದ್ದಾನೆ, ಬರುತ್ತಾನೆ ಎಂದು ನಂಬಿದಳು. ಅವನ ಹೆಸರಿನಲ್ಲಿ ಕರ್ಮ ಮಾಡಗೊಡಲಿಲ್ಲ, ಫೋಟೋ ಗೋಡೆಗೆ ಹಾಕಗೊಡಲಿಲ್ಲ. ದಿನವೂ ಅವನ ಪಾಲಿನ ರೊಟ್ಟಿ ಬಡಿದು ತೆಗೆದಿಡುತ್ತಿದ್ದಳು.

ಎಳ್ಳ ಅಮಾವಾಸ್ಯೆಗೆ ಫಕ್ಕೀರಪ್ಪ ಊಟಕ್ಕೆ ಕರೆದ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಅವತ್ತು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿ ಗಿಡದ ಬುಡಕ್ಕೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತಾರೆ. ಆಮೇಲೆ ಮಾಡಿದ ಅಡಿಗೆಯನ್ನೆಲ್ಲ ಕಲಸಿ ಬುಟ್ಟಿಯಲ್ಲಿ ಹಿಡಿದು, ಹೊಲದ ಬದುವಿನ ಮೇಲೆ ನಡೆಯುತ್ತ, ಭೂಮಿತಾಯಿಗೆಂದು ಬೆಳೆಯೊಳಗೆ ಚೆಲ್ಲುತ್ತಾರೆ. ಇದೇ ಚರಗ. ಮುಂದಿನವನು ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಿದರೆ, ಹಿಂದಿನವನು ತಂಬಿಗೆಯಿಂದ ನೀರು ಚಿಮುಕಿಸುತ್ತ "ಚಲ್ಲಂಬರಿಗೋ" ಎನ್ನುತ್ತಾನೆ. ಚೆಲ್ಲುವವನು ಹಿಂದೆ ತಿರುಗಿ ನೋಡಬಾರದು ಎಂಬುದು ಅವರ ಮನೆಯ ನೇಮ.

ಫಕ್ಕೀರಪ್ಪ ಚೆಲ್ಲುವವನು, ಈರಣ್ಣ ನೀರಿನವನು. ಸಣ್ಣವರಿದ್ದಾಗಿನಿಂದ ಹೀಗೆ ನಡೆದುಬಂದಿತ್ತು. ಈರಣ್ಣ ಹೋದ ಮೇಲೆ ಆ ತಂಬಿಗೆಯನ್ನು ನೀಲವ್ವ ಬೇರೆ ಯಾರ ಕೈಗೂ ಕೊಡಲಿಲ್ಲ. ನಾನೇ ಹಿಡಿಯುತ್ತೇನೆ ಎಂದು ಅವತ್ತು ಕೈ ಚಾಚಿದೆ. "ಬ್ಯಾಡ ತಮ್ಮಾ. ಅವನ ಕೆಲಸ ಅವಂಗ ಇರ್ಲಿ. ಇನ್ನೊಬ್ರು ಹಿಡದ್ರ ಅವ ಇಲ್ಲ ಅಂದಂಗ ಆಕೈತಿ" ಅಂದಳು. ತಂಬಿಗೆಯ ತುಂಬ ನೀರು ಹಾಕಿ ಪಾಂಡವರ ಪಕ್ಕದಲ್ಲಿ ಇಟ್ಟಳು. ಫಕ್ಕೀರಪ್ಪ ನನ್ನ ಮುಖ ನೋಡಿ, ಬುಟ್ಟಿ ಎತ್ತಿಕೊಂಡು ಒಬ್ಬನೇ ಹೊರಟ.

ನೆತ್ತಿಯ ಮೇಲೆ ಬಿಸಿಲಿತ್ತು. ನಾನು ಡ್ರೋನು ಹಾರಿಸಿ ಅವನ ಬೆನ್ನ ಹಿಂದೆ ಬಿಟ್ಟೆ. ನಿಜ ಹೇಳಬೇಕೆಂದರೆ ಆಗ ನನ್ನ ಲಕ್ಷ್ಯವೆಲ್ಲ ಬಾತುಗಳ ಮೇಲೆ. ಕೆರೆಯ ಅಂಚಿನ ಕಡಲೆಯಲ್ಲಿ ಅವು ಹಿಂಡಾಗಿ ಮೇಯುತ್ತಿದ್ದವು. ಹಕ್ಕಿಗಳಿಗೆ ತೊಂದರೆಯಾಗಬಾರದೆಂದು ಡ್ರೋನನ್ನು ದೂರವೇ ತಡೆದು ನಿಲ್ಲಿಸಿದೆ. ಫಕ್ಕೀರಪ್ಪ "ಹುಲ್ಲುಲ್ಲಿಗೋ" ಎನ್ನುತ್ತ ಅವುಗಳ ಪಕ್ಕದಲ್ಲೇ ಹಾದುಹೋದ. ಅವು ಕತ್ತೆತ್ತಿ ನೋಡಿ ಸುಮ್ಮನಾದವು. ದಿನಾ ಕಾಣುವ ಮನುಷ್ಯ. ಅವನು ದಾಟಿ ಮುಂದೆ ಹೋದ ಮೇಲೆ, ಅವನ ಹಿಂದಿನ ಖಾಲಿ ಬದುವಿನ ಹತ್ತಿರದಿಂದ ಇಡೀ ಹಿಂಡು ಒಮ್ಮೆಗೇ ಎದ್ದಿತು. ನರಿಗಿರಿ ಬಂದಿರಬೇಕು ಅಂದುಕೊಂಡೆ. ಆಮೇಲೆ ಎಲ್ಲರೂ ಕುಳಿತು ಸಜ್ಜೆರೊಟ್ಟಿ, ಎಣ್ಣೆಗಾಯಿ ಬದನೆಕಾಯಿ ಉಂಡೆವು. ಏಳುವಾಗ ನೋಡಿದೆ, ತಂಬಿಗೆ ತುಂಬಿದಂತೆಯೇ ಇತ್ತು.

ಮನೆಗೆ ಬಂದು, ಸಂಜೆ, ಬಾತು ಎದ್ದದ್ದು ಹೇಗೆ ಬಂದಿದೆ ನೋಡೋಣವೆಂದು ವಿಡಿಯೋವನ್ನು ಟಿವಿಗೆ ಹಾಕಿದೆ. ಡ್ರೋನಿನಲ್ಲಿ ದನಿ ಬರುವುದಿಲ್ಲ, ಬರೀ ಚಿತ್ರ. ಫಕ್ಕೀರಪ್ಪ ಬದುವಿನ ಮೇಲೆ ನಡೆಯುತ್ತಿದ್ದಾನೆ, ಚೆಲ್ಲುತ್ತಿದ್ದಾನೆ. ಕರಿ ಎರಿ ಮಣ್ಣು ಒಣಗಿ ಬೂದಿ ಬಣ್ಣಕ್ಕೆ ತಿರುಗಿದೆ. ಅವನ ಹಿಂದೆ, ಆ ಒಣ ಮಣ್ಣಿನ ಮೇಲೆ, ಕರಿ ಹನಿಗಳು ಬೀಳುತ್ತಿದ್ದವು.

ನೆರಳು ಎಂದುಕೊಂಡೆ. ನೆರಳು ಅವನ ಕಾಲಡಿಯಲ್ಲೇ ಇತ್ತು. ಬುಟ್ಟಿ ಸೋರಿರಬೇಕು ಎಂದುಕೊಂಡೆ. ಬುಟ್ಟಿ ಮುಂದೆ ಇತ್ತು, ಹನಿ ಬೀಳುತ್ತಿದ್ದದ್ದು ಅವನು ದಾಟಿಹೋಗಿ ಎರಡು ಹೆಜ್ಜೆಯಾದ ಮೇಲೆ. ಚಿತ್ರ ದೊಡ್ಡದು ಮಾಡಿ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮೊದಲು ಒಣ ಮಣ್ಣು, ಮರುಕ್ಷಣ ಒದ್ದೆ. ಒಂದು ಹಿಡಿ ನೀರು ಚಿಮುಕಿಸಿದಾಗ ಬೀಳುವ ಹಾಗೆ, ಚದುರಿದ ಹನಿಗಳು. ಅವನು ನಿಂತರೆ ಅದೂ ನಿಲ್ಲುತ್ತಿತ್ತು. ಬಾತುಗಳು ಎದ್ದದ್ದು ಆ ಹನಿಗಳು ತಮ್ಮ ಹತ್ತಿರ ಬಂದಾಗ. ಲೆನ್ಸು ಒರೆಸಿದೆ, ಕಾರ್ಡು ಬದಲಿಸಿ ಬೇರೆ ವಿಡಿಯೋ ತೆಗೆದು ನೋಡಿದೆ, ಯಾವ ದೋಷವೂ ಇಲ್ಲ. ಹೆಂಡತಿಯನ್ನು ಕರೆದೆ. ಅವಳು ಸ್ವಲ್ಪ ನೋಡಿ, "ಟಿವಿ ಬಂದ್ ಮಾಡ್ರಿ" ಅಂದಳು. ಹೆದರಿಕೆಯಾಯಿತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಮರುದಿನ ಫಕ್ಕೀರಪ್ಪನನ್ನು ಅಂಗಡಿಗೆ ಕರೆಸಿ ತೋರಿಸಿದೆ. ತೋರಿಸಬೇಕಿತ್ತೋ ಬೇಡವೋ ಗೊತ್ತಿಲ್ಲ, ಒಬ್ಬನೇ ಇಟ್ಟುಕೊಳ್ಳುವುದು ನನ್ನಿಂದ ಆಗಲಿಲ್ಲ.

"ನಂಗ ಗೊತ್ತಿತ್ತು ಅಣ್ಣಾರ" ಅಂದ, ವಿಡಿಯೋ ಮುಗಿದ ಮೇಲೆ. "ಕಾಲಿನ ಹಿಂಬಡಕ್ಕ ನೀರು ಸಿಡದಂಗ ಆಗತಿತ್ತು. ಧೋತರದ ಅಂಚು ಹಸಿ ಆಗಿತ್ತು. ತಿರುಗಿ ನೋಡ್ಬೇಕು ಅನಸ್ತು. ನೋಡಬಾರದು ಅಂತ ಐತಲ್ಲ, ನೋಡ್ಲಿಲ್ಲ."

"ಯಾಕ ಹೇಳಲಿಲ್ಲೋ ಆವಾಗ?"

"ಏನಂತ ಹೇಳ್ಲಿ? ನೀರು ಹಾಕಾಕ ಬಂದಾನ ಅಂದ್ರ ಅವ ಎಲ್ಲಿಂದ ಬಂದಂಗ ಆತು? ಅವ್ವ ಅವ ಬದುಕ್ಯಾನ ಅನ್ನೋ ಅದೊಂದ ಆಸೇದ ಮ್ಯಾಲೆ ಉಸರಾಡಾಕತ್ತಾಳ. ಆಕಿಗೆ ಹೇಳಬ್ಯಾಡ್ರಿ. ಖರೆ ಹೇಳತೀನಿ, ಇದನ್ನ ಅಳಿಸಿಬಿಡ್ರಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಳಿಸಲು ಮಾತ್ರ ಕೈ ಬರಲಿಲ್ಲ. ಕಾರಣ ಹುಡುಕುತ್ತೇನೆ, ಸಿಕ್ಕ ದಿನ ಅಳಿಸುತ್ತೇನೆ ಎಂದುಕೊಂಡು ಕಾರ್ಡನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟೆ.

ಸಂಕ್ರಮಣ ಮುಗಿದಿತ್ತು. ಒಂದು ಮಧ್ಯಾಹ್ನ ನೀಲವ್ವ ಲಕ್ಷ್ಮೇಶ್ವರದ ಬಸ್ಸು ಹಿಡಿದು ಒಬ್ಬಳೇ ಅಂಗಡಿಗೆ ಬಂದಳು. ಸ್ಟೂಲು ಕೊಟ್ಟೆ, ಕೂಡಲಿಲ್ಲ.

"ಫಕ್ಕೀರ ಅಮಾಸಿ ಆದಾಗಿಂದ ನನ್ನ ಮಾರಿ ನೋಡವಲ್ಲ" ಅಂದಳು. "ಅವನ ಬಾಯಿಂದ ಏನೂ ಬರವಲ್ದು. ನೀ ಮ್ಯಾಲಿಂದ ತಗದಿ ನೋಡು, ಅದರಾಗ ಏನ್ ಕಂಡೈತಿ ತಮ್ಮಾ?"

"ಏನಿಲ್ಲ ಯವ್ವಾ, ಬರೇ ಹಕ್ಕಿ" ಅಂದೆ.

"ಹಕ್ಕಿ ಇದ್ರ ತೋರಸಾಕೇನಾಕೈತಿ?"

ಹಿಂದೆ ಸರಿಯುವ ಹೆಂಗಸಲ್ಲ ಅವಳು. ಒಳಗೆ ಕರೆದುಕೊಂಡು ಹೋಗಿ ಕಂಪ್ಯೂಟರಿನಲ್ಲಿ ಹಾಕಿದೆ. ವಯಸ್ಸಾದ ಕಣ್ಣು, ಹನಿ ಕಾಣಲಿಕ್ಕಿಲ್ಲ ಎಂಬ ಆಸೆ ನನ್ನದು. ಅವಳು ಮುಂದೆ ಬಾಗಿ, ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನೋಡಿದಳು.

ಆಮೇಲೆ ಪರದೆಗೆ ಬೆರಳು ಮುಟ್ಟಿಸಿದಳು. "ಎಲ್ಲಾ ಈ ಕಡೀಗೇ ಬಿದ್ದಾವ ನೋಡು. ಎಡಕ್ಕ."

ನೋಡಿದೆ. ಹೌದು. ಅಷ್ಟು ಸಲ ನೋಡಿದ್ದೆ, ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಹನಿಗಳೆಲ್ಲ ಬದುವಿನ ಎಡ ಅಂಚಿಗೆ ಬಿದ್ದಿದ್ದವು. ಬಲಕ್ಕೆ ಒಂದೂ ಇರಲಿಲ್ಲ.

"ಈರ್ಯಾ ಎಡಚ" ಅಂದಳು. "ದೇವರ ನೀರು ಎಡಗೈಲೆ ಚಿಮುಕಸಬಾರ್ದೋ ಅಂತ ವರ್ಷಾ ಬೈತಿದ್ನಿ. ಒಮ್ಮೆರ ಕೇಳಿದವನಲ್ಲ. ಈಗೂ ಕೇಳಿಲ್ಲ ನೋಡು."

ಅವಳು ಅಳಲಿಲ್ಲ. ನಡುವಿಗೆ ಸಿಕ್ಕಿಸಿದ್ದ ಸಂಚಿ ಬಿಚ್ಚಿ, ಎಲೆ ಅಡಿಕೆಯ ನಡುವೆ ಮಡಚಿ ಇಟ್ಟಿದ್ದ ಪ್ಲಾಸ್ಟಿಕ್ಕಿನಿಂದ ಒಂದು ಸಣ್ಣ ಫೋಟೋ ತೆಗೆದಳು. ತೆಳ್ಳನೆಯ ಮೀಸೆಯ, ನಗಬೇಕೋ ಬೇಡವೋ ಎಂದು ಅನುಮಾನಿಸುತ್ತಿರುವ ಹುಡುಗ. ಮನೆಯಿಂದ ಹೊರಡುವಾಗಲೇ ಅವಳು ಅದನ್ನು ಜೊತೆಗೆ ತಂದಿದ್ದಳು.

"ಇದನ್ನ ದೊಡ್ಡದು ಮಾಡಿ ಚೌಕಟ್ಟು ಹಾಕಿಸಿ ಕೊಡು ತಮ್ಮಾ. ಮಾಲಿ ಹಾಕ್ಬೇಕು. ಅಲ್ಲಿ ನೀರಾಗ ಇದ್ದು ನಮ್ಮ ಕೆಲಸಾ ಮಾಡಾಕ ಬಂದಾನ. ಇನ್ನ ಎಷ್ಟು ದಿನ ಅವನ ರೊಟ್ಟಿ ಮನ್ಯಾಗ ಇಟಗೊಂಡು ಕುಂಡ್ರಲಿ."

ಫೋಟೋ ನಾನೇ ದೊಡ್ಡದು ಮಾಡಿದೆ. ಕಲೆಗಳನ್ನು ತೆಗೆದೆ, ಅಂಗಿಯ ಬಣ್ಣ ಸರಿಮಾಡಿದೆ. ಅವರು ಕರ್ಮ ಮುಗಿಸಿದರು. ಮುಂದಿನ ಎಳ್ಳ ಅಮಾವಾಸ್ಯೆಗೂ ನನ್ನನ್ನು ಕರೆದರು; ಡ್ರೋನು ಒಯ್ಯಲಿಲ್ಲ. ಫಕ್ಕೀರಪ್ಪ ಬುಟ್ಟಿ ಹಿಡಿದು ಮುಂದೆ ನಡೆದ. ಅವನ ಹಿಂದೆ ನೀಲವ್ವನೇ ತಂಬಿಗೆ ಹಿಡಿದು, ಬಗ್ಗಿದ ಬೆನ್ನಿನಲ್ಲಿ, ನೀರು ಚಿಮುಕಿಸುತ್ತ ಹೋದಳು. "ಚಲ್ಲಂಬರಿಗೋ" ಎನ್ನುವ ಅವಳ ದನಿ ಬನ್ನಿ ಗಿಡದ ತನಕ ಕೇಳುತ್ತಿತ್ತು. ಅವಳು ಎಡಗೈಯಿಂದ ಚಿಮುಕಿಸುತ್ತಿದ್ದಳು.

ಆ ವಿಡಿಯೋ ಇನ್ನೂ ನನ್ನ ಹತ್ತಿರ ಇದೆ. ಕ್ಯಾಮೆರಾ ಬಲ್ಲ ಇಬ್ಬರಿಗೆ ತೋರಿಸಿದೆ. ಒಬ್ಬರು ಏನೋ ತಾಂತ್ರಿಕ ದೋಷ ಅಂದರು, ಎಂಥ ದೋಷ ಎಂದು ಕೇಳಿದರೆ ಹೇಳಲಿಲ್ಲ. ಇನ್ನೊಬ್ಬರು ನಾನೇ ಮಾಡಿದ ಕೈಚಳಕ ಎಂದು ಬೆನ್ನು ತಟ್ಟಿದರು. ಕಾರಣ ಇದ್ದೇ ಇರುತ್ತದೆ ಎನ್ನುವ ನನ್ನ ಹಟ ಇನ್ನೂ ಪೂರ್ತಿ ಹೋಗಿಲ್ಲ. ಈಗ ಅದೇ ನನಗೆ ಸಂಕಟ. ಕಾರಣ ಸಿಗದಿದ್ದರೆ ಈರಣ್ಣ ಕೆರೆಯಲ್ಲಿದ್ದಾನೆ. ನಾಳೆ ಯಾರಾದರೂ ಒಂದು ಕಾರಣ ತೋರಿಸಿದರೆ, ಬದುಕಿರುವ ಮಗನ ಫೋಟೋವನ್ನು ಮಾಲೆಗೆ ಸಿದ್ಧಮಾಡಿ ಕೊಟ್ಟವನು ನಾನು.

ಕೆಲಸದ ಮೇಲೆ ಮುಂಡರಗಿಗೆ ಹೋದಾಗ ಒಮ್ಮೆ ಮಾಬೂಸಾಬನನ್ನು ಕೇಳಿದೆ, ಅವತ್ತು ಕಂಡ ಆ ಹುಡುಗ ಯಾವ ಕೈಯಲ್ಲಿ ಚಹಾದ ಕಪ್ಪು ಹಿಡಿದಿದ್ದ ಎಂದು. "ಅದನ್ನೆಲ್ಲಾ ಯಾರು ನೋಡತಾರ್ರಿ ಸಾಹೇಬ್ರ" ಎಂದು ಅವನು ಬಾಳೆಗೊನೆಯ ಕಡೆ ತಿರುಗಿದ.

ನಾನು ನೋಡುತ್ತೇನೆ. ಈಗಲೂ ಆ ಬಸ್ ಸ್ಟ್ಯಾಂಡಿಗೆ ಹೋದರೆ ಚಹಾದಂಗಡಿಯ ಮುಂದೆ ನಿಂತ ತೆಳ್ಳಗಿನ ಹುಡುಗರ ಕೈಗಳನ್ನು ನೋಡುತ್ತ ನಿಂತುಬಿಡುತ್ತೇನೆ. ಯಾರಾದರೂ ಎಡಗೈಯಲ್ಲಿ ಕಪ್ಪು ಎತ್ತಿದರೆ ನನ್ನ ಬಸ್ಸು ತಪ್ಪುತ್ತದೆ.