ಬೆಲ್ಲದ ಗಾಡಿಗೆ ಹಡಗಿನ ಗಂಟು

ಕಾಲೇಜಿನ ಪ್ರತಿ ಓಟದಲ್ಲೂ ನನ್ನನ್ನು ಹಿಂದಿಕ್ಕಿದ ಸಹಪಾಠಿ ಅವನು. ಹೊಟ್ಟೆಕಿಚ್ಚಿಗೆ ನಾನು ಒಮ್ಮೆಯೂ ಚಪ್ಪಾಳೆ ತಟ್ಟಲಿಲ್ಲ. ಮುಂದೆ ನೌಕಾಪಡೆ ಸೇರಿದ; ಯುದ್ಧ ಮುಗಿದ ಮೇಲೆ ಅದನ್ನು ಬಿಟ್ಟು ಬಂದು ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರ ಶುರುಮಾಡಿದ. ತನ್ನ ಗಾಡಿಯ ಬೆಲ್ಲವನ್ನು ಹಡಗಿನವರ ಗಂಟು ಹಾಕಿ ಕಟ್ಟುತ್ತಿದ್ದ.

“ಇಲ್ಲೇನ್ ಸಮುದ್ರ ಐತೇನ್ರಿ ಸಾವಕಾರ್ರ?” ಎಂದು ಮುದುಕ ಗಾಡಿಯವನೊಬ್ಬ ನಕ್ಕಿದ್ದ.

ನಾನು ಅವನನ್ನು ನೋಡಲು ಹೋದ ದಿನ ಗಾಡಿಗಳು ಅಂಗಡಿಯ ಮುಂದೆ ಬಂದು ನಿಲ್ಲುವುದಕ್ಕೂ ಮಳೆ ಹನಿಯುವುದಕ್ಕೂ ಸರಿಹೋಯಿತು. ಉಳಿದ ಗಾಡಿಯವರು ಬಿಗಿದ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆಯುವಷ್ಟರಲ್ಲಿ ಇವನು ಹಗ್ಗದ ತುದಿಯನ್ನು ಒಮ್ಮೆ ಜಗ್ಗಿ ಗಂಟು ಬಿಚ್ಚಿ, ಬೆಲ್ಲವನ್ನೆಲ್ಲ ಒಳಗೆ ಸಾಗಿಸಿ, ಅವರ ನೆರವಿಗೂ ಓಡಿದ್ದ.

ಮುದುಕ ತನ್ನ ಹಗ್ಗ ಹಿಡಿದು ಬಂದ. “ನಮಗೂ ಕಲಿಸ್ರಿ.”

ಕಾಲೇಜಿನಿಂದ ಉಳಿಸಿಕೊಂಡಿದ್ದ ಚಪ್ಪಾಳೆಯನ್ನೆಲ್ಲ ಅಂದು ಮಳೆಯಲ್ಲೇ ನಿಂತು ತಟ್ಟಿಬಿಟ್ಟೆ.